ಕರೆಂಟಮ್ಮನ ಗುಂಡಿ

ರಜಾಕ್ ಬದುಕಿದ್ದಾಗ ಎಷ್ಟು ಕರೆದರೂ ಬಾರದ ಕರೆಂಟು ಕಂಪನಿಯ ಜೀಪು, ಅವನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ವಿಜಯದಶಮಿಯ ರಜೆಯನ್ನೂ ಲೆಕ್ಕಿಸದೆ, ಬಿಸಿಲು ಏರುವ ಮೊದಲೇ ತೆರಕಣಾಂಬಿಗೆ ಬಂದು ಶಿವರುದ್ರಮ್ಮನ ಹಿಟ್ಟಿನ ಮಿಲ್ಲಿನ ಮುಂದೆ ನಿಂತಿತು. ಹಿಂದಿನಿಂದ ಲೈನ್‌ಮನ್ ಚಿಕ್ಕಣ್ಣ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡು ಇಳಿದ. ಮುಂದಿನಿಂದ ಚಾಮರಾಜನಗರದ ಸೂಪರ್‌ವೈಸರು ಇಳಿದರು. ಅವರ ಪಕ್ಕದಲ್ಲೇ ಕೂತು ಬಂದಿದ್ದ ಕರಿಬಸವಯ್ಯನೂ ಇಳಿದ. ಅವನು ಶಿವರುದ್ರಮ್ಮನ ಮೈದುನ, ತೀರಿಹೋದ ಗಂಡನ ತಮ್ಮ. ಊರಿಗೆ ಕರೆಂಟು ತಂದವನು ತಾನೇ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವವನು.

"ಅತ್ಗೆ, ಸಾಹೇಬ್ರು ಬಂದವ್ರೆ. ಒಂದು ಕುರ್ಚಿ ಆಕ್ಸು."

ಶಿವರುದ್ರಮ್ಮ ಮಿಲ್ಲಿನ ಹೊಸ್ತಿಲ ಮೇಲೆ ಕೂತಿದ್ದಳು. ಏಳಲಿಲ್ಲ. ಲಿಂಗಪೂಜೆ ಮುಗಿಸದೆ ಬಾಯಿಗೆ ಹನಿ ನೀರು ಬಿಟ್ಟುಕೊಳ್ಳದ ಹೆಂಗಸು. ನಿನ್ನೆಯಿಂದ ಪೂಜೆಗೆ ಕೂರಲು ಮನಸ್ಸು ಬಂದಿರಲಿಲ್ಲ, ಗಂಟಲಿಗೆ ನೀರೂ ಇಳಿದಿರಲಿಲ್ಲ. ಹಣೆಯ ಮೇಲೆ ವಿಭೂತಿಯಿಲ್ಲದ ಅವಳನ್ನು ಊರು ಅವತ್ತೇ ಮೊದಲು ನೋಡಿದ್ದು.

ಸೂಪರ್‌ವೈಸರು ಮಿಲ್ಲಿನೊಳಗೊಮ್ಮೆ ಇಣುಕಿದರು. ಬೀಸುವ ಯಂತ್ರದ ಕೊರಳಲ್ಲಿ ನಿನ್ನೆಯ ಆಯುಧಪೂಜೆಯ ಚೆಂಡುಹೂವಿನ ಹಾರ ಬಾಡಿಕೊಂಡಿತ್ತು.

"ನಮಗೂ ಬಹಳ ಸಂಕಟವಾಯ್ತು ತಾಯಿ," ಎಂದರು. "ಆದರೆ ಕೆಲಸ ಅಂದಮೇಲೆ ಕೆಲಸ. ನಿಮ್ಮದೊಂದು ಹೇಳಿಕೆ ಬೇಕು. ಆಳು ರಬ್ಬರ್ ಚಪ್ಪಲಿ ಇಲ್ಲದೆ, ಒದ್ದೆ ನೆಲದ ಮೇಲೆ ನಿಂತು, ತನ್ನ ಅಜಾಗರೂಕತೆಯಿಂದ ಯಂತ್ರ ಮುಟ್ಟಿದ. ಇಷ್ಟು ಹೇಳಿದರೆ ಸಾಕು. ನಿಮ್ಮ ಮೇಲೂ ಬರೋದಿಲ್ಲ, ಕಂಪನಿ ಮೇಲೂ ಬರೋದಿಲ್ಲ. ಸಂಜೆ ಹೊತ್ತಿಗೆ ನಿಮ್ಮ ಮಿಲ್ಲು ಶುರು."

"ಮತ್ಯಾರ ಮೇಲೆ ಬತ್ತದೆ?"

ಸೂಪರ್‌ವೈಸರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. "ಯಾರ ಮೇಲೆ ಅಂದರೆ... ಅವನೇ ಹೋಗಿಬಿಟ್ಟನಲ್ಲ."

ಸತ್ತವನ ಮೇಲೆ ಹೊರಿಸಿದರೆ ಭಾರ ಅನ್ನುವವರಿಲ್ಲ. ಕಂಪನಿಗೆ ಇದು ಚೆನ್ನಾಗಿ ಗೊತ್ತು. ಶಿವರುದ್ರಮ್ಮನಿಗೆ ಅದು ಈಗಷ್ಟೇ ಗೊತ್ತಾಗುತ್ತಿತ್ತು. ಅವಳು ತಲೆಯಾಡಿಸಿದರೆ ರಜಾಕ್ ತನ್ನನ್ನು ತಾನೇ ಕೊಂದುಕೊಂಡವನಾಗುತ್ತಾನೆ. ಆಡಿಸದಿದ್ದರೆ? ಅವಳು ಕಣ್ಣು ಮುಚ್ಚಿದಳು. ಚಪ್ಪಲಿ ಬಿಚ್ಚಿಸಿದವಳು ಅವಳೇ.

ಕರೆಂಟು ಬರುವ ಮೊದಲು ಮಿಲ್ಲು ಎಣ್ಣೆ ಇಂಜಿನಿನ ಮೇಲೆ ನಡೆಯುತ್ತಿತ್ತು. ಹೊಗೆ ಉಗುಳುತ್ತ, ಗೋಡೆ ನಡುಗಿಸುತ್ತ ಓಡುವ ಮುದಿ ಇಂಜಿನು. ಅದನ್ನು ಮಗುವಿನಂತೆ ಸಂಭಾಳಿಸುತ್ತಿದ್ದವನು ಗುಂಡ್ಲುಪೇಟೆಯಿಂದ ಬಂದು ಮಸೀದಿ ಬೀದಿಯಲ್ಲಿ ನೆಲೆ ನಿಂತ ರಜಾಕ್. ಅದು ಕೆಮ್ಮಿದರೆ ಇವನೂ ಕೆಮ್ಮುತ್ತಾನೆ ಎಂದು ರಾಗಿ ಬೀಸಿಸಲು ಬರುವ ಹೆಂಗಸರು ನಗುತ್ತಿದ್ದರು. ಆಮೇಲೆ ಕಂಪನಿ ಬಂತು. ರಸ್ತೆಯುದ್ದಕ್ಕೂ ಕಂಬ ನೆಟ್ಟರು. ಸ್ವಿಚ್ಚು ಒತ್ತಿದರೆ ರಾಗಿ ಹಿಟ್ಟಾಗಿ ಬೀಳುತ್ತದೆ, ಹೊಗೆಯಿಲ್ಲ, ಸದ್ದಿಲ್ಲ ಎಂದು ಕರಿಬಸವಯ್ಯ ಅತ್ತಿಗೆಯ ತಲೆ ತಿಂದ. ಇಂಜಿನು ಮಾರಿದರು, ಮೋಟಾರು ಕೂರಿಸಿದರು. ತಂತಿ ಎಳೆಯುವುದು, ಕರೆಂಟನ್ನು ನೆಲಕ್ಕಿಳಿಸುವ ಅರ್ತು ಹಾಕುವುದು ಎಲ್ಲ ಕಂಪನಿಯದೇ ಕೆಲಸ, ಬೇರೆ ಯಾರೂ ಕೈ ಹಾಕುವಂತಿಲ್ಲ ಎಂದು ಮೊದಲೇ ಹೇಳಿದ್ದರು. ಒಂದು ಮಧ್ಯಾಹ್ನ ಶಿವರುದ್ರಮ್ಮ ಊಟ ಮುಗಿಸಿ ಬರುವಷ್ಟರಲ್ಲಿ ಮಿಲ್ಲಿನ ಹಿಂಗೋಡೆಯ ಪಕ್ಕ ಗುಂಡಿ ತೋಡಿ, ಮುಚ್ಚಿ, ಮೇಲೊಂದು ಕೊಳವೆಯ ತುದಿ ಕಾಣುವಂತೆ ಬಿಟ್ಟು ಚಿಕ್ಕಣ್ಣ ಕೈ ತೊಳೆಯುತ್ತಿದ್ದ.

"ಮಿಷಿನ್ ಮೈಮೇಲೆ ಅರ್ಯೋ ಕೆಟ್ಟ ಕರೆಂಟೆಲ್ಲ ಈ ತಂತೀಲಿ ಇಳ್ದು, ಗುಂಡೀಲಿರೋ ತಾಮ್ರದ ತಗಡಿಗೆ ಓಗಿ, ಬೂಮ್ತಾಯಿ ವಟ್ಟೆ ಸೇರ್ಕತದೆ ಕಣವ್ವ," ಎಂದಿದ್ದ. "ಗುಂಡಿ ತಂಪಾಗಿರ್ಬೇಕು. ದಿನಾ ಒಂದು ಬಿಂದ್ಗೆ ನೀರು ಉಯ್ಯಿ. ಅದೊಂದ ಮರೀಬ್ಯಾಡ."

ಅವಳು ಮರೆಯಲಿಲ್ಲ. ಮರೆಯದೆ ಇದ್ದದ್ದೇ ಕೆಟ್ಟಿತೇನೋ. ಕೆಟ್ಟದ್ದನ್ನೆಲ್ಲ ನುಂಗಿಕೊಂಡು ಮನೆಯವರನ್ನು ಕಾಯುವ ಜಾಗ ಎಂದಮೇಲೆ ಅದು ಬರೀ ಗುಂಡಿ ಹೇಗಾದೀತು? ಸುತ್ತ ಕಲ್ಲು ಕಟ್ಟಿಸಿದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಮಡಿಯಲ್ಲೇ ಬಂದು ನೀರು ಹುಯ್ದು ಕಲ್ಲಿಗೆ ಮೂರು ಬೆರಳು ವಿಭೂತಿ ಎಳೆಯತೊಡಗಿದಳು. ಅದನ್ನು ನೋಡಿ ಬೀಸಿಸಲು ಬಂದ ಹೆಂಗಸರು ಕುಂಕುಮ ಇಟ್ಟರು, ಹೂವಿಟ್ಟರು, ಮೊದಲ ಹಿಡಿ ಹಿಟ್ಟು ಇಟ್ಟರು. ಕೂಲಿಯ ಚಿಕ್ಕಬಸಮ್ಮ, ನಾಲಿಗೆಗೆ ಎಲುಬಿಲ್ಲದವಳು, ಒಂದು ದಿನ ಕೈಮುಗಿದು, "ತಾಯಿ ಕರೆಂಟಮ್ಮ, ನನ್ ಗಂಡುಂಗೊಂದು ಕಿತ ಜುಮ್ಮನ್ಸು, ಮೈಗಳ್ಳ ಎದ್ದು ಕೂಲಿಗೋಗ್ಲಿ," ಎಂದಳು. ನಗೆಯೋ ನಗೆ. ಅವತ್ತಿನಿಂದ ಅದು ಕರೆಂಟಮ್ಮನ ಗುಂಡಿ. ಅದರ ಹತ್ತಿರ ಯಾರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ.

ಮುಂಗಾರು ಹಿಡಿದ ಮೇಲೆ ಯಂತ್ರ ಹಿಡಿಯತೊಡಗಿತು. ರಾಗಿ ಸುರಿಯುವ ತಗಡಿನ ಬಾಯಿಗೆ ಬಳೆ ತಗುಲಿದರೆ ಸಾಕು, ಮೊಣಕೈತನಕ ಜುಮ್ ಎನ್ನುತ್ತಿತ್ತು. ರಜಾಕ್ ಸುತ್ತ ಹಲಗೆ ಹಾಸಿದ. ಹಳೆಯ ಟಯರು ಕೊಯ್ದು ತನಗೊಂದು ಜೊತೆ ಚಪ್ಪಲಿ ಮಾಡಿಕೊಂಡ. ಹೆಂಗಸರನ್ನು ಮಾರು ದೂರ ನಿಲ್ಲಿಸಿ ಪುಟ್ಟಿಗಳನ್ನು ತಾನೇ ಈಸಿಕೊಂಡು ಸುರಿಯುತ್ತಿದ್ದ.

ಶಿವರುದ್ರಮ್ಮ ಬಸ್ಸು ಹತ್ತಿ ಗುಂಡ್ಲುಪೇಟೆಯ ಶಾಖೆಗೆ ಹೋದಳು. ಅಲ್ಲಿ ಕೂತವನು ತಲೆಯೆತ್ತದೆ ಕೇಳಿದ: "ನೀರು ಹುಯ್ತಿದ್ದೀರಾ?"

"ಉಯ್ತಿವ್ನಿ ಸ್ವಾಮಿ."

"ಇನ್ನೊಂದು ಬಿಂದಿಗೆ ಜಾಸ್ತಿ ಹುಯ್ಯಿರಿ."

ಹುಯ್ದಳು. ಯಂತ್ರ ಇನ್ನೂ ಜೋರಾಗಿ ಹಿಡಿಯಿತು. ಮತ್ತೆ ಹೋದಳು. ತೆರಕಣಾಂಬಿ ನಮಗೆ ಬರೋದಿಲ್ಲ, ಚಾಮರಾಜನಗರಕ್ಕೆ ಹೋಗಿ ಎಂದರು. ಚಾಮರಾಜನಗರದಲ್ಲಿ, ಗುಂಡ್ಲುಪೇಟೆ ತಾಲೂಕಿನವರು ಇಲ್ಲಿಗೇಕೆ ಬಂದಿರಿ ಎಂದರು. ಎರಡು ಕಚೇರಿಗಳ ನಡುವೆ ಅವಳ ಊರು, ಆ ಊರಿನ ತಲೆಯ ಮೇಲೇ ಹಾದುಹೋಗುವ ತಂತಿ, ಆದರೆ ಆ ತಂತಿಗೆ ಯಜಮಾನರು ಯಾರೂ ಇಲ್ಲ. ಬಿಲ್ಲು ಮಾತ್ರ ದಾರಿ ತಪ್ಪದೆ ಮನೆಗೆ ಬರುತ್ತಿತ್ತು. ಒಂದು ಸಲ ಚಿಕ್ಕಣ್ಣನೇ ಬಂದ. ಒಣ ಹಲಗೆಯ ಮೇಲೆ ನಿಂತು ಎರಡು ಬೆರಳಲ್ಲಿ ಯಂತ್ರ ಸವರಿದ. "ಎಲ್ಲಾ ಸರಿಯಾಗೇ ಅದೆ ಕಣವ್ವ. ನೀರು ಸಾಲ್ದು, ಅಷ್ಟೆಯ," ಎಂದು ಮಜ್ಜಿಗೆ ಕುಡಿದು ಹೋದ. ಆ ಮಳೆಗಾಲದಲ್ಲಿ, ಆಕಾಶವೇ ಸುರಿಯುತ್ತಿರುವಾಗ, ಶಿವರುದ್ರಮ್ಮ ಸೆರಗು ತಲೆಗೆ ಹೊದ್ದು ಗುಂಡಿಗೆ ನೀರು ಹುಯ್ದಳು.

ಹಾಗೆ ಹುಯ್ಯುತ್ತಿದ್ದ ಒಂದು ಬೆಳಿಗ್ಗೆ ರಜಾಕ್ ಬಂದು ದೂರದಲ್ಲೇ ನಿಂತ.

"ಅಮ್ಮಾ, ಒಂದು ಮಾತು. ಬೈಬಾರ್ದು."

"ಯೋಳಪ್ಪ."

"ಗುಂಡಿ ಒಂದ್ಸಲ ಅಗ್ದು ನೋಡ್ತೀನಿ. ಒಳಗಡೆ ಏನೈತೆ ಏನಿಲ್ಲ, ನಮಗೇನು ಗೊತ್ತು? ಅವ್ರು ಮುಚ್ಚಿದ್ದು, ನಾವು ನೀರು ಹಾಕ್ತಿರೋದು."

ಅವಳ ಕೈ ತಡೆಯಿತು. ಕಲ್ಲಿನ ಮೇಲೆ ವಿಭೂತಿ ಇನ್ನೂ ಹಸಿಯಿತ್ತು. "ಬ್ಯಾಡ ರಜಾಕು. ಪೂಜೆ ಮಾಡಿರೋ ಜಾಗ. ನಾನೇನೋ ಸುಮ್ಕಿರ್ತಿನಿ. ನೀನು ಆರೆ ಆಕ್ದೆ ಅಂತ ಗೊತ್ತಾದ್ರೆ ಊರೋರು ಸುಮ್ಕಿದ್ದಾರಾ? ಇಲ್ಲದ ಉಸಾಬರಿ ತಲೆಗೆ ಕಟ್ಕಬ್ಯಾಡ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನೀವು ಹೇಳಿದ್ರೆ ಸರಿ," ಎಂದು ಒಳಗೆ ಹೋದ. ಅವನನ್ನು ಕಾಪಾಡಿದೆ ಎಂದೇ ಅವಳು ಅಂದುಕೊಂಡಿದ್ದಳು.

ಆಯುಧಪೂಜೆಯ ದಿನ ಯಂತ್ರ ತೊಳೆದು, ಒರೆಸಿ, ವಿಭೂತಿ ಬಳಿದು, ಹಾರ ಹಾಕಿದರು. ಹೆಂಗಸರು ಬಂದು ನಿಂತಿದ್ದರು. ಮಂಗಳಾರತಿ ಆದಮೇಲೆ ಒಂದು ಸುತ್ತು ಯಂತ್ರ ಓಡಿಸಿ, ಮೊದಲ ಹಿಟ್ಟನ್ನು ಗುಂಡಿಗಿಡುವುದು ಮಿಲ್ಲಿನ ಪದ್ಧತಿ. ರಜಾಕ್ ಎಂದಿನಂತೆ ಹಲಗೆ ಹತ್ತಲು ಹೋದ. ಹಲಗೆಯನ್ನು ತೊಳೆಯಲು ಹೊರಗೆ ಹಾಕಿದ್ದರು. ಅವನು ಒಂದು ಕ್ಷಣ ನಿಂತು ಶಿವರುದ್ರಮ್ಮನ ಮುಖ ನೋಡಿದ. ಅವಳು ಅವನ ಕಾಲು ನೋಡಿದಳು.

"ಪೂಜೆ ಮಾಡಿರೋ ಮಿಷಿನ್ನು ಕಣಪ್ಪ. ಇವತ್ತೊಂದಿನ ಮೆಟ್ಟು ಆಚೆ ಬುಡು."

ಅವನು ಬಿಟ್ಟ. ಅವಳ ದೇವರಿಗೆ ಮರ್ಯಾದೆ ಕೊಟ್ಟು ಬಿಟ್ಟ. ಬರಿಗಾಲಲ್ಲಿ ಬಂದು ಸ್ವಿಚ್ಚು ಒತ್ತಿ, ರಾಗಿ ಸುರಿಯಲು ತಗಡಿಗೆ ಕೈ ಇಟ್ಟ. ಕೈ ಬರಲಿಲ್ಲ. ಬಾಯಿ ತೆರೆದುಕೊಂಡಿತು, ದನಿ ಬರಲಿಲ್ಲ. ಅವನು ತಮಾಷೆ ಮಾಡುತ್ತಿದ್ದಾನೆ ಎಂದು ಯಾರೋ ನಕ್ಕರು. ಚಿಕ್ಕಬಸಮ್ಮ ಒನಕೆ ಎತ್ತಿ ಸ್ವಿಚ್ಚಿಗೆ ಬಾರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಯೋಚ್ನೆ ಮಾಡೋದೇನು ಅತ್ಗೆ?" ಕರಿಬಸವಯ್ಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. "ಮೆಟ್ಟು ನೀನೇ ಬಿಚ್ಚಿಸ್ದೆ ಅಂತ ನಾನೂ ಯೋಳಲ್ಲ, ಅವ್ರೂ ಕೇಳಲ್ಲ. ತಲೆ ಆಡ್ಸ್ಬುಡು. ಮುಂದ್ಲ ತಿಂಗ್ಳು ನಮ್ ತೋಟದ ಪಂಪಿಗೆ ಲೈನು ಕೊಡ್ತಿನಿ ಅಂದವ್ರೆ. ಅದ್ನ ಕೆಡುಸ್ಬ್ಯಾಡ."

ಶಿವರುದ್ರಮ್ಮ ಮೈದುನನ ಮುಖ ನೋಡಿದಳು. ಅದರಲ್ಲಿ ರಜಾಕ್ ಎಲ್ಲೂ ಇರಲಿಲ್ಲ. ಅವಳು ಗೋಡೆ ಹಿಡಿದು ಎದ್ದಳು. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡಳು. ಮಿಲ್ಲಿನ ಹಿಂದಕ್ಕೆ ನಡೆದಳು. ಊರೆಲ್ಲ ಹಿಂದೆ ಹೋಯಿತು.

"ಬರ್ಕೊಳಿ ಸ್ವಾಮಿ," ಎಂದಳು. "ಮೆಟ್ಟು ಅವನು ಮರ್ತು ಬುಡ್ಲಿಲ್ಲ. ನಾನು ಬಿಚ್ಚಿಸ್ದೆ. ಗುಂಡಿ ಅಗೀತೀನಿ ಅಂದ, ನಾನು ಬ್ಯಾಡ ಅಂದೆ. ಇವೆರಡೂ ನನ್ ತಪ್ಪು. ಬರ್ಕೊಳಿ. ನಿಮ್ದೇನು ಅಂತ ಈಗ ನೋಡನ."

"ತಾಯಿ, ಅದು ಕಂಪನಿಯ ಆಸ್ತಿ. ಮುಟ್ಟಬೇಡಿ!"

ಹಾರೆ ಮೊದಲು ಕಲ್ಲಿನ ಕಟ್ಟೆಗೆ ಬಿತ್ತು. ವಿಭೂತಿ ಬಳಿದ ಕಲ್ಲು ಎದ್ದು ಉರುಳಿತು. ಹಿಂದಿನಿಂದ ಯಾರೋ ಮುದುಕಿ "ಅಯ್ಯೋ ಶಿವನೇ, ಅಗೀಬ್ಯಾಡ್ವೇ" ಎಂದು ಕೂಗಿದಳು. ಶಿವರುದ್ರಮ್ಮ ನಿಲ್ಲಿಸಲಿಲ್ಲ. ತಿಂಗಳುಗಟ್ಟಲೆ ನೀರು ಕುಡಿದ ಮಣ್ಣು ಕೆಸರಾಗಿತ್ತು. ಅಗೆಯುವುದೇನು, ಬಾಚಿದರೆ ಬರುತ್ತಿತ್ತು. ಕಾಲು ಜಾರಿ ಮಂಡಿಯೂರಿದಳು. ಹಾಗೇ ಕೂತು ಅಗೆದಳು. ಚಿಕ್ಕಬಸಮ್ಮ ಸೀರೆ ಎತ್ತಿ ಕಟ್ಟಿ ಇಳಿದು, ಕೈಯಿಂದಲೇ ಕೆಸರು ಎತ್ತಿಹಾಕತೊಡಗಿದಳು. ಕೊಳವೆ ಮೊಣಕೈಯುದ್ದಕ್ಕೆ ಮುಗಿಯಿತು. ಅದಕ್ಕೆ ಸುತ್ತಿದ್ದ ತಂತಿ ಒಂದು ಗೇಣು ಕೆಳಗೆ ಹೋಗಿ, ಕತ್ತರಿಸಿದ ತುದಿಯಲ್ಲಿ ನಿಂತಿತ್ತು. ಇನ್ನೂ ಅಗೆದರು. ಸೊಂಟದಾಳ. ಅರ್ತಿಗೆ ಹಾಕಬೇಕಾದ ಇದ್ದಲಿಲ್ಲ, ಉಪ್ಪಿಲ್ಲ, ತಾಮ್ರದ ತಗಡಂತೂ ಇಲ್ಲವೇ ಇಲ್ಲ. ಅಷ್ಟು ದಿನದ ಹೂವು ಹಿಟ್ಟು ಕೊಳೆತು ನಾರುತ್ತಿತ್ತು.

ಶಿವರುದ್ರಮ್ಮ ಕೆಸರು ಕೈಯಲ್ಲೇ ಮುಖ ಒರೆಸಿಕೊಂಡು ಮೇಲೆ ನೋಡಿದಳು. "ಚಿಕ್ಕಣ್ಣ. ಎಲ್ಲಪ್ಪ ತಗಡು?"

ಚಿಕ್ಕಣ್ಣ ಹಗ್ಗದ ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಸೂಪರ್‌ವೈಸರ ಕಡೆ ನೋಡಿದ. ಅವರು ಗುಂಡಿ ನೋಡುತ್ತಿದ್ದರು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವರ ಮುಖ ಮನುಷ್ಯನ ಮುಖವಾಗಿತ್ತು. ಆಮೇಲೆ ಕಂಪನಿ ಆ ಮುಖಕ್ಕೆ ಮರಳಿತು.

"ತಗಡು ಇತ್ತು," ಎಂದರು. "ಹಾಕದೆ ಕರೆಂಟು ಕೊಡೋ ಪದ್ಧತಿ ನಮ್ಮಲ್ಲಿಲ್ಲ. ತಾಮ್ರಕ್ಕೆ ಪೇಟೆಯಲ್ಲಿ ಒಳ್ಳೆ ಬೆಲೆ ಇದೆ. ಯಾರೋ ತೆಗೆದಿದ್ದಾರೆ."

"ಯಾರು?"

"ಮಿಲ್ಲಿನಲ್ಲಿ ಹಗಲೂ ರಾತ್ರಿ ಇರುತ್ತಿದ್ದವರು ಯಾರು? ನೀವೇ ಈಗ ಹೇಳಿದಿರಲ್ಲ, ಗುಂಡಿ ಅಗೆಯೋಕೆ ಅವನಿಗೆ ಬಹಳ ಆತುರ ಇತ್ತು ಅಂತ."

ರಜಾಕ್ ಆಡಿದ ಒಳ್ಳೆಯ ಮಾತು, ಅವನ ಸಾವಿಗೆ ಸಾಕ್ಷಿಯಾಗಲಿ ಎಂದು ಶಿವರುದ್ರಮ್ಮ ಎತ್ತಿ ಮುಂದಿಟ್ಟ ಮಾತು, ಕಣ್ಣೆದುರೇ ಹಗ್ಗವಾಗಿ ಅವನ ಕೊರಳಿಗೆ ಬಿತ್ತು.

"ಬಾಯಿ ಬಿದ್ದೋಗ ನಿಂದು!" ಚಿಕ್ಕಬಸಮ್ಮ ಗುಂಡಿಯೊಳಗಿಂದಲೇ ಕಿರುಚಿದಳು. "ಕದ್ದೋನು ತಾನೇ ಬರಿಗಾಲಲ್ಲಿ ಓಗಿ ಮುಟ್ಟಾನೇನಯ್ಯ? ತಗಡು ಇಲ್ಲ ಅಂತ ಗೊತ್ತಿರೋನು ಸಾಯಕ್ಕೋದಾನಾ? ನಿಂಗೆ ಓದ್ಸಿದ ಮೇಷ್ಟ್ರು ಯಾರಯ್ಯ?"

ಗುಂಪಿನಲ್ಲಿ ನಗೆ ಎದ್ದು ಅಲ್ಲೇ ಸತ್ತಿತು. ಕರಿಬಸವಯ್ಯ ಮುಂದೆ ಬಂದ. "ಹೆಂಗಸ್ರು ದೂರ ಓಗಿ. ಸಾಹೇಬ್ರು ಯೋಳೋದ್ರಲ್ಲೂ ನ್ಯಾಯ ಅದೆ. ಮಿಲ್ಲು ನಮ್ಮನೇದು, ನಾನೇ ಸಾಕ್ಷಿ ಆಯ್ತಿನಿ." ಜೀಪಿನ ಮೂತಿಯ ಮೇಲೆ ಕಾಗದವಿಟ್ಟು, ಸೂಪರ್‌ವೈಸರು ಹೇಳಿದ ಕಡೆ ರುಜು ಮಾಡಿದ. ಗುಂಡಿ ಒಡೆದವರ ಮೇಲೆ ದೂರು ಬೇರೆ ಹೋಗುತ್ತದೆ ಎಂದು ಸೂಪರ್‌ವೈಸರು ಹೇಳಿದರು. ವಿಚಾರಣೆ ಮುಗಿಯುವ ತನಕ ಲೈನು ಕಟ್ ಮಾಡು ಎಂದರು.

ಚಿಕ್ಕಣ್ಣ ಕಂಬ ಹತ್ತಿದ. ಶಿವರುದ್ರಮ್ಮ ಬುಡದಲ್ಲಿ ಬಂದು ನಿಂತಳು. "ಚಿಕ್ಕಣ್ಣ, ಅವತ್ತು ತಗಡು ಆಕಿದ್ಯಾ ಇಲ್ವಾ? ಒಂದು ಮಾತು ಯೋಳಿ ಇಳೀಲಾ. ನನಗೆ ಬ್ಯಾಡ, ಅವನ ಎಂಡ್ತಿ ಮೆಹರ್ ಬಾನುಗೆ ಯೋಳು. ಎರಡು ಮಕ್ಳು ಅದಾವೆ ಅವಳ್ಗೆ. ಕಳ್ಳನ ಮಕ್ಳು ಅನ್ನಿಸ್ಕೊಂಡು ಬೆಳೀಬೇಕಾ?"

ಕಂಬದ ಮೇಲಿನಿಂದ ಟಕ್ ಎಂದು ತಂತಿ ಕತ್ತರಿಸಿದ ಸದ್ದು ಬಂತು. ಇಳಿದವನ ಕಣ್ಣಲ್ಲಿ ನೀರಿತ್ತು ಎಂದು ಆಮೇಲೆ ಕೆಲವರು ಹೇಳಿದರು. ಇದ್ದರೆ ಏನು? ಅದನ್ನು ಒರೆಸಿಕೊಂಡು ಅವನು ಜೀಪು ಹತ್ತಿದ.

ರಜಾಕನ ಮನೆಯ ಬಾಗಿಲಿಗೆ ಗೋಣಿಪರದೆ ಇಳಿಬಿಟ್ಟಿತ್ತು. ಶಿವರುದ್ರಮ್ಮ ಕೆಸರು ಸೀರೆಯಲ್ಲೇ ಜಗಲಿಯ ಕೆಳಗೆ ನಿಂತು, ಪರದೆಯ ಹಿಂದೆ ಕೂತ ಮೆಹರ್ ಬಾನುವಿಗೆ ಎಲ್ಲ ಹೇಳಿದಳು. ಚಪ್ಪಲಿ ಹೇಳಿದಳು, ಗುಂಡಿ ಹೇಳಿದಳು, ಅವರು ಹೊರಿಸಿದ ಕಳವು ಹೇಳಿದಳು. ಬೈಗುಳ ಬರಲಿ ಎಂದು ಅವಳು ಕಾದಳು. ಬೈದಿದ್ದರೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು.

"ಅವ್ರು ನಿಮ್ಮನ್ನ ಅಮ್ಮಾ ಅಂತಿದ್ರು," ಎಂದಳು ಮೆಹರ್ ಬಾನು ಕೊನೆಗೆ. "ನಾನು ಈಗ ಏನೂ ಅನ್ನೋಲ್ಲ. ಹೋಗಿ."

ಮರುದಿನ ಶಿವರುದ್ರಮ್ಮ ಚಾಮರಾಜನಗರದ ಬಸ್ಸು ಹತ್ತಿದಳು. ಮಿಲ್ಲಿಗೆ ಬೀಗ ಬಿದ್ದಿತ್ತು. ಊರಿನ ಮನೆಗಳಲ್ಲಿ ಮತ್ತೆ ಬೀಸುವ ಕಲ್ಲಿನ ಸದ್ದು. ದಾರಿಯಲ್ಲಿ ಸಿಕ್ಕ ಹೆಂಗಸರಲ್ಲಿ ಅರ್ಧ ಜನ, ಪೂಜೆ ಮಾಡಿದ ಜಾಗ ಅಗೆದ ಪಾಪಿ ಎಂದು ಮುಖ ತಿರುಗಿಸಿದರು. ಯಾರ ಹತ್ತಿರ ಹೋಗಬೇಕು, ಪೊಲೀಸರ ಹತ್ತಿರವೋ, ಅಮಲ್ದಾರರ ಹತ್ತಿರವೋ, ಅವಳಿಗೆ ಗೊತ್ತಿರಲಿಲ್ಲ. ಕೇಳುವ ಕಿವಿ ಎಲ್ಲಾದರೂ ಒಂದು ಇರಬೇಕು, ಅಷ್ಟೆ.

ಕಂಡಕ್ಟರು ಅವಳನ್ನು ಗುರುತು ಹಿಡಿದ. "ಓ, ತೆರಕಣಾಂಬಿ ಮಿಲ್ಲೋರಲ್ವಾ? ನಿಮ್ಮಾಳು ತಾಮ್ರ ಕದ್ದು ಮಾರ್ಕಂಡು, ಕೊನೆಗೆ ಅದೇ ಕರೆಂಟ್ನಲ್ಲಿ ಸತ್ನಂತೆ? ನಿನ್ನೆ ಸಂಜೇನೆ ನಗರದ ಓಟ್ಲಲ್ಲಿ ಎಲ್ಲಾ ಮಾತಾಡ್ಕತಿದ್ರು. ಉಂಡ ಮನೆಗೇ ಎಂಥ ಕೆಲ್ಸ ನೋಡಿ."

ಅಕ್ಕಪಕ್ಕದವರು ಅಯ್ಯೋ ಎಂದು ಲೊಚಗುಟ್ಟಿದರು. ಒಬ್ಬರು ಅವಳಿಗೆ ಜಾಗ ಬಿಟ್ಟು ಸರಿದರು. ಸುಳ್ಳು ಜೀಪಿನಲ್ಲಿ ಹೋಗಿ, ಊರೂರು ಸುತ್ತಿ, ಬಸ್ಸಿನಲ್ಲಿ ಅವಳ ಎದುರಿಗೇ ಬಂದಿತ್ತು.

ಶಿವರುದ್ರಮ್ಮ ಕೂರಲಿಲ್ಲ. ಜನ್ಮದಲ್ಲಿ ಗಂಡಸರ ನಡುವೆ ನಿಂತು ದನಿ ಎತ್ತಿದವಳಲ್ಲ. ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿತ್ತು.

"ಗಾಡಿ ನಿಧಾನಕ್ಕೋಡ್ಸಪ್ಪ," ಎಂದು ಡ್ರೈವರಿಗೆ ಹೇಳಿದಳು. ಆಮೇಲೆ ಬಸ್ಸಿನತ್ತ ತಿರುಗಿದಳು. "ಸತ್ತೋನು ಕಳ್ಳ ಅಲ್ಲ. ಅವನ ಹೆಸ್ರು ರಜಾಕು. ಅಂವ ಸಾಯಾಗ ನಾನು ಪಕ್ಕದಲ್ಲೇ ನಿಂತಿದ್ದಿ. ಎಂಗಾಯ್ತು ಅಂತ ಯೋಳ್ತಿನಿ, ಕೇಳಿ."

ಇಬ್ಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಒಬ್ಬ ಬೀಡಿ ಹಚ್ಚಿದ. ಅವಳು ಶುರು ಮಾಡಿದಳು.